ವಾಲುಮರದ ಕಡೆ ಹೋಗಬೇಡಿ

ಓಕಿ ಹಳ್ಳ, ಅರ್ಕೇಡಿಯಾ ಹತ್ತಿರ, ಫ್ಲಾರಿಡಾ
ಮಾರ್ಚ್ 10, 1974

ಹಾರ್ಲನ್ ಅಣ್ಣನಿಗೆ,

ನೀನು ಬದುಕಿದ್ದೀಯೋ, ಇಲ್ಲ ಆ ಏಡಿ ಬೇಯಿಸುವ ಹಡಗಿನಲ್ಲಿ ನಿನ್ನನ್ನೂ ಡಬ್ಬಿಗೆ ತುಂಬಿಬಿಟ್ಟರೋ ತಿಳಿಯದು. ಕ್ರಿಸ್‌ಮಸ್ಸಿಗೆ ಬಂದ ಮೂರು ಸಾಲಿನ ಕಾರ್ಡೇ ಕೊನೆ. ಅಲಾಸ್ಕಾದ ಚಳಿಗೆ ಪೆನ್ನಿನ ಶಾಯಿಯೂ ಹೆಪ್ಪುಗಟ್ಟುತ್ತದೆ ಎಂದು ಅಮ್ಮನಿಗೆ ಹೇಳಿದ್ದೇನೆ. ಅವಳು ನಂಬಿದ್ದಾಳೆ.

ಸುದ್ದಿ ಏನೆಂದರೆ, ನಾವು ಮತ್ತೆ ಹಳ್ಳಕ್ಕೆ ಇಳಿದೆವು. ಅಪ್ಪ ಹೋದ ಮೇಲೆ ನಾಲ್ಕು ವರ್ಷ ಜರಡಿಗಳು ಕೊಟ್ಟಿಗೆಯ ಗೋಡೆಯಲ್ಲೇ ನೇತಾಡುತ್ತಿದ್ದವು. ಐವಿಗೆ ಈಗ ಹನ್ನೊಂದು ತುಂಬಿತು. "ಅಜ್ಜ ಶಾರ್ಕ್ ಹಲ್ಲು ಹುಡುಕ್ತಿದ್ದ, ಮಾಮ ಹುಡುಕ್ತಿದ್ದ, ನೀನೂ ಹುಡುಕ್ತಿದ್ದೆ. ನಾನೊಬ್ಳು ಏನು ಪಾಪ ಮಾಡಿದ್ದೆ?" ಎಂದು ಬೆನ್ನು ಬಿದ್ದಳು. ಈ ವರ್ಷ ಮಳೆ ಕಡಿಮೆ, ನೀರು ಮೊಣಕಾಲಿಗೆ ಇಳಿದಿದೆ. ನನ್ನ ಗಂಡನೆನ್ನುವ ಮಹಾಶಯ ಡ್ಯೂಯಿ ಜರಡಿಗೆ ಹೊಸ ಬಲೆ ಹೊಡೆದುಕೊಟ್ಟ. ಮಗಳ ಮೊದಲ ಜರಡಿಗೇ ಮೂರು ಹಲ್ಲು ಬಂದವು. ಉಗುರಿನಷ್ಟು ಚಿಕ್ಕವು, ಲಕ್ಷಾಂತರ ವರ್ಷ ಮಣ್ಣಿನಲ್ಲಿದ್ದು ಕಲ್ಲಾಗಿ ಕಪ್ಪಗೆ ಹೊಳೆಯುವಂಥವು. ಅವಳು ಕೂಗಿದ ಕೂಗಿಗೆ ಆಚೆ ದಡದ ಕೊಕ್ಕರೆಗಳೆಲ್ಲ ಎದ್ದು ಹೋದವು.

ಅಮ್ಮ ಅವಳಿಗೆ ಒಂದು ಕೆಲಸ ಒಪ್ಪಿಸಿದ್ದಾಳೆ. "ಹಳೇ ಸೇತುವೆ ಕೆಳಗಿನ ಮರಳದಿಬ್ಬದಲ್ಲಿ ನಿಮ್ಮಜ್ಜನ ಕನ್ನಡಕ ಬಿದ್ದಿರುತ್ತೆ ಮಗಾ. ಎದೆ ಹಿಡ್ಕೊಂಡು ಬಿದ್ದಾಗ ಜಾರಿರ್ಬೇಕು. ಎಡಗಡೆ ಕಿವಿ ಕಡ್ಡಿಗೆ ನಾನೇ ಕೆಂಪು ದಾರ ಸುತ್ತಿದ್ದೆ. ಸಿಕ್ಕಿದ್ರೆ ತಂದ್ಕೊಡು." ಐವಿ ಹೋದಾಗಲೆಲ್ಲ ಮೊದಲು ಅಲ್ಲಿ ಹತ್ತು ಜರಡಿ ಸೋಸುತ್ತಾಳೆ. ನಾಲ್ಕು ವರ್ಷದ ನೆರೆ ಕಂಡ ಮರಳಿನಲ್ಲಿ ಕನ್ನಡಕ ಎಲ್ಲಿಂದ ಬರಬೇಕು? ಆದರೂ ನಾನು ಬೇಡವೆನ್ನುವುದಿಲ್ಲ.

ಮೊನ್ನೆ ಅವಳಿಗೆ ಮನೆತನದ ವಿದ್ಯೆಯನ್ನೂ ಹೇಳಿಕೊಟ್ಟೆ. ಹಲ್ಲು ಸಿಗುವ ಜಾಗವನ್ನು ಯಾರಿಗೂ ಹೇಳಬಾರದು, ಬದಲಿಗೆ ಆ ಜಾಗದ ಬಗ್ಗೆ ಹೆದರಿಸಬೇಕು. ಅಪ್ಪ ಅದಕ್ಕೆ ‘ಬೇಲಿ ಹಾಕೋದು’ ಎನ್ನುತ್ತಿದ್ದನಲ್ಲ. ಅವನ ಹನ್ನೊಂದಡಿಯ ಮೊಸಳೆ ನೆನಪಿದೆಯಾ? ವರ್ಷಕ್ಕೊಂದಡಿ ಬೆಳೆಯುತ್ತಿತ್ತು. ಕೇಳಿದವರು ಹುಬ್ಬೇರಿಸಿದರೆ ಅಪ್ಪ ಬೈಬಲ್ ಮುಟ್ಟಿ ಆಣೆ ಇಡುತ್ತಿದ್ದ. ಸ್ಟೋಕ್ಸ್ ಮನೆಯವರದು ಹಾವಿನ ಕಥೆ. ಯಾರು ಎಲ್ಲಿಗೆ ಹೋಗಬೇಡ ಎನ್ನುತ್ತಾರೋ ಅಲ್ಲೇ ಅವರ ಹಲ್ಲಿನ ಗಣಿ. ಇದನ್ನೆಲ್ಲ ಕೇಳಿದ ಐವಿ ತಟ್ಟನೆ, "ಹಾಗಾದ್ರೆ ಮಾಮ ಎಲ್ಲಿಗೆ ಹೋಗ್ಬೇಡ ಅಂತಿದ್ದ?" ಎಂದಳು.

ಆಗ ನನಗೆ ಹೊಳೆಯಿತು. ವಾಲುಮರ! ಅಪ್ಪನನ್ನು ಮಣ್ಣು ಮಾಡಿ ಒಂಬತ್ತೇ ದಿನಕ್ಕೆ ನೀನು ಊರು ಬಿಟ್ಟೆ. ಹೊರಡುವ ಮುಂಚೆ ನನ್ನ ಕೈ ಹಿಡಿದು, "ಆ ವಾಲಿದ ಸೈಪ್ರೆಸ್ ಮರದ ದಡಕ್ಕೆ ಯಾರೂ ಹೋಗ್ಬೇಡಿ" ಅಂದಿದ್ದೆ. ಅದು ಸಾವಾದ ಮನೆ, ಆಗ ನಗಲಾಗಲಿಲ್ಲ. ಈಗ ನಗುತ್ತಿದ್ದೇನೆ. ಏನು ಬಚ್ಚಿಟ್ಟಿದ್ದೀಯ ಅಲ್ಲಿ, ಕಳ್ಳ?

ನಿನ್ನ ತಂಗಿ
ವರ್ನಾ

*

ಡಚ್ ಹಾರ್ಬರ್, ಅಲಾಸ್ಕಾ
ಮಾರ್ಚ್ 31, 1974

ವರ್ನಾ,

ಹಡಗು ನಿನ್ನೆ ದಡಕ್ಕೆ ಬಂತು, ಪತ್ರ ಇವತ್ತು ಕೈಗೆ ಸಿಕ್ಕಿತು. ನಾನು ಬದುಕಿದ್ದೇನೆ.

ವಾಲುಮರದಲ್ಲಿ ನಾನು ಏನೂ ಬಚ್ಚಿಟ್ಟಿಲ್ಲ. ಆ ದಡ ಒಳ್ಳೆಯದಲ್ಲ. ಅಡಿಯಲ್ಲಿ ನೀರು ಕೊರೆದಿದೆ, ಮೇಲೆ ಮರದ ಭಾರ ಇದೆ, ಯಾವಾಗ ಬೇಕಾದರೂ ಕುಸಿಯುತ್ತದೆ. ನೀನೂ ಹೋಗಬೇಡ, ಡ್ಯೂಯಿಯನ್ನೂ ಬಿಡಬೇಡ, ಮಗುವನ್ನಂತೂ ಆ ತಿರುವಿಗೇ ಕರೆದೊಯ್ಯಬೇಡ. ನಾನು ಬೇಲಿ ಹಾಕುತ್ತಿಲ್ಲ.

ಅವಳಿಗೆ ಹಲ್ಲು ಬೇಕಿದ್ದರೆ ನಾನೇ ಜಾಗ ಹೇಳುತ್ತೇನೆ. ಸೇತುವೆಯಿಂದ ಮೇಲಕ್ಕೆ ಎರಡನೇ ತಿರುವಿನಲ್ಲಿ ಮೂರು ತಾಳೆಮರ ನಿಂತಿವೆ. ಅಲ್ಲಿ ಎಡದಡದ ಪಕ್ಕ, ಮೊಣಕಾಲುದ್ದ ನೀರಿನಲ್ಲಿ ಒಳ್ಳೆಯ ಜಲ್ಲಿ ಇದೆ. ಎಡ ಎಂದರೆ ಎಡವೇ, ಮೇಲಕ್ಕೆ ಎಂದರೆ ಮೇಲಕ್ಕೇ. ಇದನ್ನು ಅಪ್ಪನಿಗೂ ಹೇಳಿರಲಿಲ್ಲ.

ಕನ್ನಡಕ ಹುಡುಕುವುದು ಬೇಡ ಎಂದು ಅಮ್ಮನಿಗೆ ಹೇಳು. ಹೋದದ್ದು ಹೋಯಿತು.

ಈ ಪತ್ರ ಕೈಗೆ ಬಂದ ದಿನವೇ ಎರಡು ಸಾಲು ಬರೆ. ವಾಲುಮರಕ್ಕೆ ಹೋಗುವುದಿಲ್ಲ ಎಂದು ಬರೆದರೆ ಸಾಕು.

ಹಾರ್ಲನ್

*

ಓಕಿ ಹಳ್ಳ
ಏಪ್ರಿಲ್ 14, 1974, ಈಸ್ಟರ್

ಅಣ್ಣಾ,

ಹಬ್ಬದೂಟಕ್ಕೆ ಅಮ್ಮ ಉಪ್ಪಿಲ್ಲದ ಕೋಳಿ ಬೇಯಿಸಿದ್ದಳು. ಚೆನ್ನಾಗಿದೆ ಎನ್ನುತ್ತ ಎಲ್ಲರೂ ತಿಂದೆವು. ನಿನ್ನ ಪತ್ರವನ್ನು ಕಳೆದ ವಾರ ಬಂದ ದಿನವೇ ಎಲ್ಲರಿಗೂ ಗಟ್ಟಿಯಾಗಿ ಓದಿದ್ದೆ. ಡ್ಯೂಯಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಮ್ಮಣ್ಣ ನಿಮ್ಮಪ್ಪನ್ನೇ ಮೀರಿಸ್ದ ಕಣೆ. ಅವ್ರು ಬರೀ ಮೊಸಳೆ ಬಿಡ್ತಿದ್ರು, ಇವ್ನು ದಡಾನೇ ಬೀಳಿಸ್ತಾನೆ!"

ಮೂರು ತಾಳೆಮರದ ಹತ್ತಿರ ಹೋದೆವು. ನೀನು ಹೇಳಿದ ಕಡೆಯೇ ಒಂದು ಬೊಗಸೆ ಹಲ್ಲು ಸಿಕ್ಕಿತು. ಅಲ್ಲಿಗೆ ನಿನ್ನ ಗುಟ್ಟು ರಟ್ಟಾಯಿತು. ನಮ್ಮ ಮನೆಯಲ್ಲಿ ಯಾರು ತಾನೇ ಕೇಳದೆ ಜಾಗ ಬಿಟ್ಟುಕೊಟ್ಟಿದ್ದಾರೆ? ಸಣ್ಣದನ್ನು ಕೊಟ್ಟು ದೊಡ್ಡದನ್ನು ಉಳಿಸಿಕೊಳ್ಳುವ ಉಪಾಯ. ಅದರ ಮಾರನೆಯ ದಿನವೇ ವಾಲುಮರಕ್ಕೆ ಹೋದೆವು.

ದಡದ ಬುಡದಲ್ಲಿ ಜರೀಗಿಡ ಬೆಳೆದು ಮುಚ್ಚಿದೆ. ಅದನ್ನು ಕಿತ್ತು ಡ್ಯೂಯಿ ಗುದ್ದಲಿ ಹಾಕಿದರೆ ಬೆಣ್ಣೆಗೆ ಹಾಕಿದಂತೆ ಇಳಿಯಿತು. "ಇಲ್ಲಿ ಮಣ್ಣು ಮೆತ್ತಗಿದೆ. ಯಾರೋ ಮೊದ್ಲೇ ಅಗೆದು ಮುಚ್ಚಿದ ಹಾಗಿದೆಯಲ್ಲೇ" ಎಂದ. ಸಿಕ್ಕಿಬಿದ್ದೆ ನೋಡು! ಮಧ್ಯಾಹ್ನದ ಹೊತ್ತಿಗೆ ಐವಿಯ ಅಂಗೈಗಿಂತ ದೊಡ್ಡ ಹಲ್ಲು ಬಂತು. ಅಂಚಿನ ಗರಗಸ ಇನ್ನೂ ಹರಿತ, ಅವಳ ಹೆಬ್ಬೆರಳು ಕೊಯ್ದು ರಕ್ತ ಸುರಿಯಿತು. "ಸತ್ತು ಇಷ್ಟು ಕಾಲ ಆದ್ರೂ ಕಚ್ತಲ್ಲಮ್ಮ ಇದು" ಎಂದು ಅಳುತ್ತಲೇ ನಕ್ಕಳು.

ಈಗ ಡ್ಯೂಯಿ ಬೇರಿನ ಅಡಿಯಲ್ಲಿ ಗವಿಯಂತೆ ಕೊರೆದಿದ್ದಾನೆ. ಅವನಿಗೆ ಸೊಂಟದವರೆಗೆ ಮಾತ್ರ ಜಾಗ, ಐವಿ ಪೂರ್ತಿ ಹೋಗುತ್ತಾಳೆ. ಒಳಗಿಂದ ಬಕೆಟ್ಟಿನಲ್ಲಿ ಮಣ್ಣು ತುಂಬಿ ಹಿಂದಕ್ಕೆ ತಳ್ಳುತ್ತಾಳೆ, ನಾನು ನೀರಿನಲ್ಲಿ ಸೋಸುತ್ತೇನೆ. ಹೊರಗಿನಿಂದ ಅವಳ ಅಂಗಾಲು ಮಾತ್ರ ಕಾಣುತ್ತದೆ. ನಿಜ ಹೇಳಲೇ? "ಏನಾದ್ರೂ ಹಾಡ್ತಾ ಇರೇ" ಎಂದು ಹೇಳಿಟ್ಟಿದ್ದೇನೆ. ಅವಳ ಹಾಡು ನಿಂತರೆ ನನ್ನ ಉಸಿರೂ ನಿಲ್ಲುತ್ತದೆ. ನಿನ್ನ ಬೇಲಿ ಸ್ವಲ್ಪ ಕೆಲಸ ಮಾಡಿದೆ ಎಂದುಕೋ.

ಇನ್ನೊಂದು ವಿಷಯ. ನಿನಗೆ ಇದನ್ನು ಬರೆದಿರಲಿಲ್ಲ. ಅಪ್ಪ ಹೋದಂದಿನಿಂದ ಅಮ್ಮ ಕಬ್ಬಿಣದ ಬಾಣಲೆಯನ್ನು ಮುಟ್ಟಿಲ್ಲ. ಅಡುಗೆಮನೆಯ ಮೊಳೆಯಲ್ಲಿ ತುಕ್ಕು ಹಿಡಿಯುತ್ತಿದೆ. ನಿನ್ನೆ ಐವಿ, "ಯಾಕಜ್ಜಿ, ನೀನು ಮಾಂಸ ಹುರಿಯೋದೇ ಇಲ್ಲ?" ಎಂದು ಕೇಳಿದ್ದಕ್ಕೆ, "ನಲವತ್ತೇಳು ವರ್ಷ ದಿನಾ ಬೆಳಗ್ಗೆ ಉಪ್ಪಿನ ಹಂದಿಮಾಂಸ ಹುರಿದು ಹಾಕ್ದೆ ಮಗಾ. ಆ ಉಪ್ಪೇ ನಿಮ್ಮಜ್ಜನ ಎದೆ ಹಿಡೀತು. ನಾನೇ ಕೈಯಾರೆ ಕೊಂದೆ" ಎಂದಳು, ಹವಾಮಾನದ ಸುದ್ದಿ ಹೇಳುವಷ್ಟು ಸಮಾಧಾನವಾಗಿ.

ವರ್ನಾ

*

ತಂತಿ
ಡಚ್ ಹಾರ್ಬರ್, ಏಪ್ರಿಲ್ 27, 1974

ವಾಲುಮರದಿಂದ ಈಗಲೇ ಹೊರಗೆ ಬನ್ನಿ. ಐವಿಯನ್ನು ಒಳಗೆ ಬಿಡಬೇಡಿ. ನಿಜ. ಹಾರ್ಲನ್.

*

ಡಚ್ ಹಾರ್ಬರ್
ಏಪ್ರಿಲ್ 27, 1974

ವರ್ನಾ,

ಈಗಷ್ಟೇ ತಂತಿ ಕೊಟ್ಟು ಬಂದೆ. ನಿಮ್ಮ ಮನೆಗೊಂದು ಫೋನ್ ಇದ್ದಿದ್ದರೆ ಚೀರಿಯಾದರೂ ಹೇಳುತ್ತಿದ್ದೆ.

ಮಗುವಿನ ಅಂಗಾಲು ಮಾತ್ರ ಕಾಣುತ್ತದೆ ಎಂದು ಬರೆದಿದ್ದೀಯ. ಆ ಸಾಲನ್ನು ಓದಿದ ಮೇಲೆ ಅನ್ನ ಸೇರುತ್ತಿಲ್ಲ. ಕೆಲಸದಲ್ಲಿ ಎರಡು ಸಲ ಕೈ ಸುಟ್ಟುಕೊಂಡೆ. ಜೊತೆಯವರು, "ಏನಾಯ್ತೋ ಮುದುಕ, ದೆವ್ವ ಕಂಡ್ಯಾ?" ಎಂದು ಕೇಳುತ್ತಾರೆ.

ಆ ಮಣ್ಣು ಮೆತ್ತಗಿರುವುದು ಯಾರೋ ಅಗೆದು ಮುಚ್ಚಿದ್ದಕ್ಕಲ್ಲ. ಅದು ಒಮ್ಮೆ ಬಿದ್ದ ಮಣ್ಣು. ಒಮ್ಮೆ ಬಿದ್ದ ದಡ ಮತ್ತೆ ಬೀಳುತ್ತದೆ. ನಾನು ಕಂಡಿದ್ದೇನೆ. ಹೇಗೆ ಕಂಡೆ ಎಂದು ಕೇಳಬೇಡ. ಬೈಬಲ್ ಮುಟ್ಟಿ ಆಣೆ ಇಡಬೇಕು ಎಂದುಕೊಂಡೆ, ಅಪ್ಪನ ಮೊಸಳೆ ನೆನಪಾಗಿ ಸುಮ್ಮನಾದೆ. ಅವನ ಸಮಾಧಿಯ ಮೇಲೆ ಆಣೆ ಇಟ್ಟರೂ ನೀವು ನಗುತ್ತೀರಿ. ನಮ್ಮ ಮನೆಯಲ್ಲಿ ಆಣೆಗೂ ಬೆಲೆ ಉಳಿಸಿಕೊಂಡಿಲ್ಲ ನಾವು.

ಬೇಡ ಕಣೇ, ದಯವಿಟ್ಟು. ನಾನು ಯಾವತ್ತೂ ನಿನ್ನ ಹತ್ತಿರ ದಯವಿಟ್ಟು ಎಂದವನಲ್ಲ. ಅದನ್ನಾದರೂ ಲೆಕ್ಕಕ್ಕೆ ತೆಗೆದುಕೋ.

ಹಾರ್ಲನ್

*

ಓಕಿ ಹಳ್ಳ
ಮೇ 6, 1974

ಅಣ್ಣಾ,

ನಿನ್ನ ತಂತಿ ಅಂಗಡಿಗೆ ಬಂತು. ನನ್ನ ಕೈ ಸೇರುವಷ್ಟರಲ್ಲಿ ಅರ್ಧ ಊರು ಓದಿತ್ತು. ಮಾರನೆಯ ದಿನವೇ ಸ್ಟೋಕ್ಸ್ ಮನೆಯವರು ಎರಡು ದೋಣಿ ತುಂಬ ಜನ ಬಂದು ವಾಲುಮರದ ಎದುರು ಲಂಗರು ಹಾಕಿ ಕೂತರು. ಮುದುಕ ಸ್ಟೋಕ್ಸ್ ಟೋಪಿ ತೆಗೆದು, "ಅಲಾಸ್ಕಾದಿಂದ ತಂತಿ ಕೊಡೋ ಅಂಥದ್ದು ಏನಮ್ಮಾ ಇದೆ ಒಳಗೆ? ಪೂರ್ತಿ ದವಡೆನೋ?" ಎಂದು ಕೇಳಿದ. ನಿನ್ನ ಒಂದು ತಂತಿಯಿಂದ ನಮಗೆ ಆತುರ ಹತ್ತಿಕೊಂಡಿತು. ಈಗ ಡ್ಯೂಯಿ ಕಿತ್ತಳೆ ತೋಟದ ಕೆಲಸ ಮುಗಿದದ್ದೇ ಹಳ್ಳಕ್ಕೆ ಓಡುತ್ತಾನೆ. ಗವಿ ಮೊದಲಿಗಿಂತ ಎರಡರಷ್ಟು ಆಳ ಹೋಗಿದೆ.

ಈ ಪತ್ರದಲ್ಲಿ ನಾನು ನಗುತ್ತಿಲ್ಲ. ಕಾರಣ ಹೇಳುತ್ತೇನೆ. ಶುಕ್ರವಾರ ಮೊದಲ ಮಳೆ ಬಿತ್ತು. ಶನಿವಾರ ನಾನು ದಡದ ಮೇಲೆ ಹತ್ತಿ ಐವಿಯ ಒದ್ದೆ ಬಟ್ಟೆ ಹರಡುವಾಗ ಹುಲ್ಲಿನಲ್ಲಿ ಒಂದು ಗೆರೆ ಕಂಡೆ. ಮರದ ಹಿಂದಿನಿಂದ ಸುತ್ತಿ ಬಂದಿದೆ, ಬೆರಳು ತೂರುವಷ್ಟು ಅಗಲ. ಡ್ಯೂಯಿಯನ್ನು ಕರೆದು ತೋರಿಸಿದೆ. "ಬಿಸ್ಲಿಗೆ ನೆಲ ಬಿರಿಯಲ್ವೇನೇ? ನಿಮ್ಮಣ್ಣ ಎರಡು ಸಾವಿರ ಮೈಲಿ ಆಚೆ ಕೂತು ನಿನ್ನ ಹೆದರಿಸ್ತಿದ್ದಾನೆ" ಎಂದ. ಎರಡು ಸಾವಿರವಲ್ಲ, ನಾಲ್ಕು ಎಂದೆ. ಅಷ್ಟಕ್ಕೇ ಮಾತು ಮುಗಿಯಿತು.

ಅಣ್ಣಾ, ಇದೊಂದು ಸಲ ನೇರವಾಗಿ ಹೇಳು. ಇದು ಬೇಲಿಯೋ, ನಿಜವೋ? ಹೀಗೆ ಕೇಳುತ್ತಿದ್ದೇನೆ, ಆದರೆ ನೀನು ನಿಜ ಎಂದು ಬರೆದರೂ ಅದನ್ನು ಹೇಗೆ ತಿಳಿಯಲಿ? ಚಿಕ್ಕಂದಿನಿಂದ ಅಪ್ಪ, ನೀನು, ನಾನು ಒಬ್ಬರಿಗೊಬ್ಬರು ಎಷ್ಟು ಚೆನ್ನಾಗಿ ಸುಳ್ಳು ಹೇಳಿದೆವೆಂದರೆ ಈಗ ನಿನ್ನ ಹೆದರಿಕೆ ಯಾವುದು, ನಾಟಕ ಯಾವುದು ಎಂದು ನನಗೆ ಗೊತ್ತಾಗುತ್ತಿಲ್ಲ.

ಬರುವ ಶನಿವಾರ ಒಂದೇ ದಿನ. ಆಮೇಲೆ ಮಳೆಗಾಲ, ಜರಡಿ ಮೇಲಿಡುತ್ತೇವೆ. ಡ್ಯೂಯಿ ಮಾತು ಕೊಟ್ಟಿದ್ದಾನೆ.

ವರ್ನಾ

*

ಡಚ್ ಹಾರ್ಬರ್
ಮೇ 9, 1974

ವರ್ನಾ,

ತಂತಿಗೆ ಉತ್ತರವಿಲ್ಲ. ಹನ್ನೆರಡು ದಿನ ಕಾದೆ. ನಾಳೆ ಹಡಗು ಹೊರಡುತ್ತದೆ, ಆಮೇಲೆ ಎರಡು ವಾರ ಟಪಾಲಿಲ್ಲ. ಆದ್ದರಿಂದ ಇವತ್ತು ಬರೆದುಬಿಡುತ್ತೇನೆ. ಇದನ್ನು ನಾಲ್ಕು ವರ್ಷದ ಹಿಂದೆ ಅಡುಗೆಮನೆಯಲ್ಲಿ ನಿಂತು ಹೇಳಬೇಕಿತ್ತು.

ಅಪ್ಪ ಸೇತುವೆಯ ಕೆಳಗೆ ಸಾಯಲಿಲ್ಲ. ಅವನ ಎದೆ ನಿಂತು ಸಾಯಲಿಲ್ಲ. ವಾಲುಮರದ ದಡ ಅವನ ಮೇಲೆ ಬಿತ್ತು.

ಆ ದಡದ ಹಲ್ಲಿನ ಪದರ ಮೊದಲು ಕಂಡವನು ನಾನು. ಎರಡು ದೊಡ್ಡ ಹಲ್ಲು ತೆಗೆದು ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದೆ. ನಲವತ್ತೈದು ವರ್ಷದ ಗಂಡಸು, ಎಳೆಮಕ್ಕಳ ಹಾಗೆ. ನಾನು ತಂದದ್ದನ್ನೆಲ್ಲ ಅಪ್ಪ ಜಗುಲಿಯ ಹಲಗೆಗೆ ಹೊಡೆದು ‘ನಾನು ಹುಡುಕಿದ್ದು’ ಎಂದು ಬಂದವರಿಗೆ ತೋರಿಸುತ್ತಿದ್ದನಲ್ಲ, ಈ ಒಂದು ಜಾಗವಾದರೂ ನನ್ನದಾಗಿರಲಿ ಎನ್ನಿಸಿತು. ಅದಕ್ಕೆ ಅವನಿಗೇ ಬೇಲಿ ಹಾಕಿದೆ. ರಾತ್ರಿಯೂಟಕ್ಕೆ ಕೂತಾಗ, "ಅಪ್ಪಾ, ವಾಲುಮರದ ದಡ ಬಿರುಕು ಬಿಟ್ಟಿದೆ. ಆ ಕಡೆ ಹೋಗ್ಬೇಡ" ಅಂದೆ. ನಾನು ಬಿರುಕು ನೋಡಿರಲಿಲ್ಲ. ದಡದ ಮೇಲೆ ಹತ್ತಿಯೂ ಇರಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ.

ಅಪ್ಪ ಚಮಚ ಕೆಳಗಿಟ್ಟು ನನ್ನ ಎದೆಗೆ ಬೆರಳು ಒತ್ತಿದ. "ಬೇಲಿ ಹಾಕೋದು ಕಲಿಸಿದ್ದೇ ನಾನು ಕಣೋ" ಅಂದ. ಎಷ್ಟು ಖುಷಿಯಲ್ಲಿದ್ದ ಗೊತ್ತಾ.

ಬೆಳಿಗ್ಗೆ ನಾನು ಏಳುವ ಮೊದಲೇ ದೋಣಿ ಹೋಗಿತ್ತು. ನಾನು ದಂಡೆಯುದ್ದಕ್ಕೂ ಓಡಿದೆ. ಹಳ್ಳದ ನೀರು ಹಾಲಿನ ಹಾಗೆ ಬೆಳ್ಳಗಾಗಿತ್ತು, ಅವನ ಜರಡಿ ಅದರಲ್ಲಿ ತೇಲಿಕೊಂಡು ಬರುತ್ತಿತ್ತು. ದಡ ಇದ್ದ ಕಡೆ ದಡ ಇರಲಿಲ್ಲ. ಕೈಯಿಂದ ಅಗೆದೆ, ಜರಡಿಯಿಂದ ಅಗೆದೆ. ಮೊದಲು ಒಂದು ಬೂಟು ಸಿಕ್ಕಿತು.

ಆಮೇಲೆ ಮಾಡಿದ್ದನ್ನು ಹೇಗೆ ಬರೆಯಲಿ? ನನ್ನ ಸುಳ್ಳಿನಿಂದ ಸತ್ತ ಎಂದು ಅಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನನ್ನ ಅಂಗಿ ಬಿಚ್ಚಿ ಅವನ ಮುಖ ತೊಳೆದೆ, ಕಿವಿಯೊಳಗಿನ ಜೇಡಿಮಣ್ಣು ತೆಗೆದೆ, ದೋಣಿಯಲ್ಲಿ ಮಲಗಿಸಿ ಸೇತುವೆಯವರೆಗೆ ಹುಟ್ಟು ಹಾಕಿದೆ. ಮರಳದಿಬ್ಬದ ಮೇಲೆ ಇಳಿಸಿ ಮನೆಗೆ ಓಡಿ ಬಂದೆ. ಎಪ್ಪತ್ತರ ಮುದುಕ, ಎದೆ ಹಿಡಿದುಕೊಂಡ ಅಂದೆ. ಡಾಕ್ಟರು ನಾನು ಹೇಳಿದ್ದನ್ನೇ ಬರೆದುಕೊಂಡರು. ಎದೆಯ ಮೇಲೆ ಹೊರಿಸಿದರೆ ಯಾರ ತಪ್ಪೂ ಆಗುವುದಿಲ್ಲ ಎಂದುಕೊಂಡಿದ್ದೆ. ಆ ತಪ್ಪನ್ನು ಅಮ್ಮ ಎತ್ತಿಕೊಂಡಳು ಎಂದು ನಿನ್ನ ಪತ್ರ ಓದುವವರೆಗೆ ನನಗೆ ಗೊತ್ತಿರಲಿಲ್ಲ ವರ್ನಾ. ಆಣೆ ಇಡುವುದಿಲ್ಲ. ಗೊತ್ತಿರಲಿಲ್ಲ ಅಷ್ಟೆ.

ಇದನ್ನೂ ನೀನು ಬೇಲಿ ಎನ್ನಬಹುದು, ಹಾರ್ಲನ್ ಹಾಕಿದ ಎಲ್ಲಕ್ಕಿಂತ ಎತ್ತರದ ಬೇಲಿ ಎನ್ನಬಹುದು. ಹಾಗಿದ್ದರೆ ಸಾಕ್ಷಿ ಹೇಳುತ್ತೇನೆ. ಐವಿ ಕನ್ನಡಕವನ್ನು ಸೇತುವೆಯ ಹತ್ತಿರ ಎಷ್ಟು ಸೋಸಿದರೂ ಸಿಗುವುದಿಲ್ಲ. ನಾನು ಅವನನ್ನು ಹೊರಗೆಳೆದಾಗ ಮುಖದ ಮೇಲೆ ಕನ್ನಡಕ ಇರಲಿಲ್ಲ. ಅದು ವಾಲುಮರದ ಮಣ್ಣಿನೊಳಗಿದೆ. ಅದನ್ನು ಹುಡುಕಲು ಹೋಗಬೇಡ. ನನ್ನ ಮಾತು ನಂಬು.

ಮಗು ಚೆನ್ನಾಗಿದೆ ಎಂದು ಒಂದು ತಂತಿ ಕೊಡು.

ಹಾರ್ಲನ್

*

ಓಕಿ ಹಳ್ಳ
ಮೇ 13, 1974

ಹಾರ್ಲನ್,

ನಿನ್ನಿಂದ ಪತ್ರವಿಲ್ಲ. ನೀನು ಏನು ಬರೆಯುತ್ತೀಯೋ ಅದಕ್ಕೆ ಮೊದಲು ನಾನು ಇದನ್ನು ಬರೆಯಬೇಕು.

ಶನಿವಾರ ಐವಿ ಗವಿಯೊಳಗಿದ್ದಳು. ಡ್ಯೂಯಿ ಗವಿಯ ಬಾಯಲ್ಲಿ ಕೂತು ಬಕೆಟ್ ಎಳೆದುಕೊಡುತ್ತಿದ್ದ. ನಾನು ಹತ್ತು ಹೆಜ್ಜೆ ಕೆಳಗೆ ನೀರಿನಲ್ಲಿ ಸೋಸುತ್ತಿದ್ದೆ. ಜರಡಿಯಲ್ಲಿ ಒಂದು ಡೊಂಕು ತಂತಿ ಕಂಡಿತು. ಮೀನುಗಾರರ ತಂತಿ ಎಂದು ಎಸೆಯಲು ಎತ್ತಿಕೊಂಡೆ. ಅದಕ್ಕೆ ಗಾಜು ಅಂಟಿಕೊಂಡಿತ್ತು. ಎಡಗಡೆಯ ಕಡ್ಡಿಯನ್ನು ಉಜ್ಜಿದರೆ ಕೆಂಪು ದಾರ.

ನನಗೆ ಏನೂ ಅರ್ಥವಾಗಲಿಲ್ಲ. ಹೆದರಿಕೆ ಮಾತ್ರ ಅರ್ಥಕ್ಕಿಂತ ಮೊದಲು ಬಂತು. ಅಪ್ಪನ ಕನ್ನಡಕ ದಡದ ಹೊಟ್ಟೆಯೊಳಗೆ ಇರಬೇಕಾದರೆ ಆ ದಡ ಒಮ್ಮೆ ಅಪ್ಪ ಇದ್ದಾಗ ಬಿದ್ದಿರಬೇಕು. ನನ್ನ ಮಗಳು ಅದೇ ಮಣ್ಣಿನಲ್ಲಿ ಹಾಡು ಹೇಳುತ್ತಿದ್ದಾಳೆ.

"ಐವಿ, ಹೊರಗೆ ಬಾ!" ಎಂದೆ. "ಇನ್ನೊಂದೇ ಬಕೆಟ್ ಅಮ್ಮಾ" ಎಂದಳು. ದಡ ಬೀಳುತ್ತದೆ ಎಂದು ಕೂಗಲು ಬಾಯಿ ತೆರೆದವಳು ಹಾಗೇ ನಿಂತೆ. ದಡ ಬೀಳುತ್ತದೆ ಎಂದರೆ ಅವಳು ನಗುತ್ತಾಳೆ. ನಾನೇ ಕಲಿಸಿದ್ದೇನೆ. ಅವಳಪ್ಪನೂ ನಗುತ್ತಾನೆ. ನನ್ನ ಮಗುವನ್ನು ಹೊರಗೆ ಕರೆಯಲು ನನ್ನ ಹತ್ತಿರ ಹೆದರಿಕೆಯ ಒಂದು ಮಾತೂ ಉಳಿದಿರಲಿಲ್ಲ. ಕೊನೆಗೆ ಕೈಯಲ್ಲಿದ್ದದ್ದನ್ನೇ ಕೂಗಿದೆ. "ಐವೀ, ಅಜ್ಜನ ಕನ್ನಡಕ ಸಿಕ್ತು!"

"ಎಲ್ಲಿ? ಎಲ್ಲಿ?" ಎನ್ನುತ್ತ ಹಿಂದಕ್ಕೆ ತೆವಳಿಕೊಂಡು ಬಂದಳು. ನೀರಿನಲ್ಲಿ ಓಡಿ ಬಂದು ನನ್ನ ಕೈ ಹಿಡಿದಳು. ಅವಳ ಬಕೆಟ್ ಎಳೆದುಕೊಳ್ಳಲೆಂದು ಡ್ಯೂಯಿ ಕಾಲನ್ನು ಒಳಗೆ ಚಾಚಿದ. ಆಗ ಬಿತ್ತು. ಸದ್ದು ಜೋರಾಗಿರಲಿಲ್ಲ. ಯಾರೋ ದೊಡ್ಡದಾಗಿ ಉಸಿರು ಬಿಟ್ಟಂತೆ ಕೇಳಿಸಿತು, ಅಷ್ಟೆ. ಮರವೂ ಬಂತು.

ಡ್ಯೂಯಿ ಎದೆಯ ಮಟ್ಟಕ್ಕೆ ಹೂತುಹೋದ. ಎದುರು ದಡದಲ್ಲಿದ್ದ ಸ್ಟೋಕ್ಸ್ ಮನೆಯವರು ದೋಣಿ ಬಿಟ್ಟು ನೀರಿನಲ್ಲೇ ಓಡಿ ಬಂದರು. ಒಂಬತ್ತು ಜನ ಜರಡಿ, ಬಕೆಟ್, ಕೈಗಳಿಂದ ಅಗೆದೆವು. ಬದುಕಿದ್ದಾನೆ. ಎರಡು ಕಡೆ ಕಾಲು ಮುರಿದಿದೆ, ಪಕ್ಕೆಲುಬೂ ಹೋಗಿದೆ. ಐವಿಗೆ ಒಂದು ಗೀರೂ ಆಗಿಲ್ಲ, ಆದರೆ ಮಾತು ನಿಂತಿದೆ. ಬಾಗಿಲು ಮುಚ್ಚಿದರೆ ಚೀರುತ್ತಾಳೆ.

ಕನ್ನಡಕವನ್ನು ಅಮ್ಮನಿಗೆ ಕೊಟ್ಟೆ. "ಎಲ್ಲಿ ಸಿಕ್ತು?" ಎಂದಳು. ವಾಲುಮರದಲ್ಲಿ ಎಂದೆ. ಅವಳು ಸೊಂಟದ ಏಪ್ರನ್ನಿನ ಅಂಚು ಎತ್ತಿ ಗಾಜು ಒರೆಸತೊಡಗಿದಳು. ಇನ್ನೂ ಒರೆಸುತ್ತಲೇ ಇದ್ದಾಳೆ.

ಒಂದೇ ಪ್ರಶ್ನೆ. ಅಪ್ಪ ಎಲ್ಲಿ ಸತ್ತ?

ವರ್ನಾ

*

ಓಕಿ ಹಳ್ಳ
ಮೇ 23, 1974

ಅಣ್ಣಾ,

ತಂತಿಯ ದಿನ ಬರೆದದ್ದೂ ಆಮೇಲಿನದೂ, ನಿನ್ನ ಎರಡು ಪತ್ರ ನಿನ್ನೆ ಒಟ್ಟಿಗೆ ಬಂದವು. ದೊಡ್ಡ ಪತ್ರದಲ್ಲಿ ಮೊದಲು ನೋಡಿದ್ದು ದಿನಾಂಕ. ಮೇ 9. ದಡ ಬೀಳುವ ಎರಡು ದಿನ ಮೊದಲು, ಕನ್ನಡಕ ಸಿಕ್ಕಿದ್ದು ನಿನಗೆ ತಿಳಿಯುವ ಎಷ್ಟೋ ಮೊದಲು ಬರೆದಿದ್ದೀಯ. ನನ್ನ ಪ್ರಶ್ನೆ ಓದಿದ ಮೇಲೆ ಇದನ್ನೇ ಬರೆದಿದ್ದರೆ ನಾನು ಒಲೆಗೆ ಹಾಕುತ್ತಿದ್ದೆ. ಆ ದಿನಾಂಕದಿಂದಾಗಿ ನಿನ್ನನ್ನು ಇನ್ನೂ ಅಣ್ಣಾ ಎನ್ನುತ್ತಿದ್ದೇನೆ.

ಅದೇ ಪತ್ರ ಹದಿನೈದು ದಿನ ಮೊದಲು ಬಂದಿದ್ದರೆ ಡ್ಯೂಯಿಯ ಎರಡು ಕಾಲೂ ಗಟ್ಟಿಯಾಗಿರುತ್ತಿದ್ದವು. ಈಗ ಎಡಗಾಲು ನೆಟ್ಟಗಾಗುವುದು ಅನುಮಾನ ಎನ್ನುತ್ತಾರೆ. ನನಗೆ ಸಿಟ್ಟಿದೆ. ನಿನ್ನ ಮೇಲೆ, ಅಪ್ಪನ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ. ನಾನು ಬಿರುಕನ್ನು ಕಣ್ಣಾರೆ ಕಂಡವಳು.

ಪತ್ರವನ್ನು ಅಮ್ಮನಿಗೆ ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿ ಓದಿದೆ. ಒಂದು ಸಾಲೂ ಬಿಡಲಿಲ್ಲ, ಕಿವಿಯ ಮಣ್ಣನ್ನೂ ಬಿಡಲಿಲ್ಲ.

"ಹಾಗಾದ್ರೆ ಎದೆ ಅಲ್ಲ" ಎಂದಳು.

"ಅಲ್ಲಮ್ಮ."

"ನನ್ನ ಉಪ್ಪು ಅಲ್ಲ."

"ಅಲ್ಲಮ್ಮ. ಯಾವತ್ತೂ ಅಲ್ಲ."

ಆಮೇಲೆ ಅತ್ತಳು ನೋಡು. ಅಪ್ಪನ ಹೆಣದ ಮುಂದೆಯೂ ಹಾಗೆ ಅತ್ತಿರಲಿಲ್ಲ. ಐವಿ ಬಂದು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು. ಅತ್ತು ಮುಗಿದ ಮೇಲೆ ಅಮ್ಮನ ದನಿ ಗಟ್ಟಿಯಾಯಿತು. "ನಾಲ್ಕು ವರ್ಷ! ನಾಲ್ಕು ವರ್ಷ ನನ್ನ ಕೈ ನೋಡ್ಕೊಂಡು ಬದುಕಿದೀನಿ. ಬರೆ ಅವ್ನಿಗೆ. ಈ ಮನೆ ಮೆಟ್ಲು ಹತ್ತೋದು ಬೇಡ ಅಂತ ಬರೆ."

ಬರೆಯುತ್ತೇನೆ ಎಂದೆ. ಬರೆದಿದ್ದೇನೆ. ಅವಳು ಹೇಳಿದ್ದು ಅದು, ಹೇಳಿದಾಗ ಅದೇ ಅವಳ ಮನಸ್ಸು. ನಾನು ಅದಕ್ಕೆ ಬಣ್ಣ ಹಚ್ಚುವುದಿಲ್ಲ.

ಆದರೆ ಇವತ್ತು ಬೆಳಿಗ್ಗೆ ಎದ್ದು ಬಂದಾಗ ಅಮ್ಮ ಮೊಳೆಯಿಂದ ಬಾಣಲೆ ಇಳಿಸಿ, ಒಂದು ಹಿಡಿ ಕಲ್ಲುಪ್ಪು ಹಾಕಿಕೊಂಡು ತುಕ್ಕು ಉಜ್ಜುತ್ತಿದ್ದಳು. ಐವಿ ಪಕ್ಕದಲ್ಲಿ ಕುರ್ಚಿಯ ಮೇಲೆ ನಿಂತು ನೋಡುತ್ತಿದ್ದಳು. ಹನ್ನೆರಡು ದಿನದಲ್ಲಿ ಮೊದಲ ಸಲ ಅವಳ ಬಾಯಿಂದ ಮಾತು ಬಂತು. "ಅಜ್ಜೀ, ಮಾಮನ್ಗೂ ಮಾಡ್ತೀಯಾ?" ಅಮ್ಮ ಉಜ್ಜುತ್ತಲೇ ಇದ್ದಳು. "ಅವನು ಬಂದು ನನ್ನ ಮುಖ ನೋಡಿ ಹೇಳ್ಲಿ ಮೊದ್ಲು" ಎಂದಳು.

ಬಾ ಅಣ್ಣಾ. ಹಡಗು ಬಿಟ್ಟು ಬಾ. ಡ್ಯೂಯಿ ಮಲಗಿದ್ದಾನೆ, ಐವಿಗೆ ಬಾಗಿಲೆಂದರೆ ಭಯ, ಮನೆಗೆ ಒಬ್ಬ ಗಂಡಾಳು ಬೇಕು. ನಿನ್ನನ್ನು ಕಂಡರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಆದರೂ ಬಾ.

ಅರ್ಕೇಡಿಯಾದಲ್ಲಿ ಬಸ್ಸಿಳಿದು ಹಳೆಯ ಸೇತುವೆಯ ಮೇಲೆ ನಡೆದು ಬರಬೇಡ. ನಡುವಿನ ಎರಡು ಹಲಗೆ ಕೊಳೆತು ಹೋಗಿವೆ, ನಾನು ಹೋಗಿ ಕಾಲಿಟ್ಟು ನೋಡಿ ಬಂದಿದ್ದೇನೆ. ರಸ್ತೆ ಸುತ್ತಿಕೊಂಡು ಬಾ.

ನಿನ್ನ ತಂಗಿ
ವರ್ನಾ